ಉನೋದಲ್ಲಿ ಕಾರ್ಡ್ ಇಳಿಯುತ್ತಿಲ್ಲವೇ? ಮೊದಲು ನಿಯಮ ನೋಡಿ, ಆಮೇಲೆ ನೆಟ್‌ವರ್ಕ್

ಉನೋ ಎಂಬ ಕಾರ್ಡ್ ಆಟವನ್ನು ಆನ್‌ಲೈನ್‌ನಲ್ಲಿ ಆಡುವಾಗ ಕಾರ್ಡ್ ಇಳಿಯದಿದ್ದರೆ, ಸರದಿ ತಪ್ಪಿದರೆ, ಇದ್ದಕ್ಕಿದ್ದಂತೆ ಕೈತುಂಬ ಕಾರ್ಡ್ ಬಂದು ಬಿದ್ದರೆ ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕನ್ನು, ಆಮೇಲೆ ಫೋನನ್ನು. ಕೋಲಾರದಲ್ಲಿರುವ ನಾವು, ಮುಳಬಾಗಿಲಿನ ಅಕ್ಕ-ಭಾವ, ಚಿಂತಾಮಣಿಯ ಚಿಕ್ಕಮ್ಮ, ಬೆಂಗಳೂರಿನ ತಮ್ಮ ಎಲ್ಲರೂ ರಾತ್ರಿ ಊಟ ಮುಗಿಸಿ ಆ್ಯಪ್‌ನ ಒಂದೇ ರೂಮಿನಲ್ಲಿ ಆಡುತ್ತೇವೆ. ಏನೇ ಕೆಟ್ಟರೂ ಫೋನ್ ಬರುವುದು ನನಗೆ. ಆ ದೂರುಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಹೆಚ್ಚಿನ ತೊಂದರೆ ಹುಟ್ಟುವುದು ನಿಯಮದ ಗೊಂದಲದಿಂದ. ಚಾಪೆ ಹಾಸಿ ಮನೆಯಲ್ಲಿ ಆಡಿ ರೂಢಿಯಾದ ನಿಯಮ ಒಂದಿರುತ್ತದೆ, ಫೋನಿನ ರೂಮಿನಲ್ಲಿ ಹಾಕಿಟ್ಟಿರುವ ನಿಯಮ ಬೇರೆಯೇ ಇರುತ್ತದೆ. ಮನೆಯಲ್ಲಾದರೆ ಜಗಳ ಆಡಿ ಒಪ್ಪಿಸಬಹುದು. ಫೋನು ಒಪ್ಪುವುದಿಲ್ಲ.

ಆದ್ದರಿಂದ ದೋಷ ಹುಡುಕುವಾಗ ನಿಯಮದಿಂದ ಶುರು ಮಾಡಿ. ಅಲ್ಲಿ ಸಿಗದಿದ್ದರೆ ರೂಮಿನ ಸೆಟ್ಟಿಂಗ್, ಆಮೇಲೆ ಪರದೆ ಮತ್ತು ಬೆರಳು, ಕೊನೆಗೆ ನೆಟ್‌ವರ್ಕ್. ಮೊದಲ ಎರಡನ್ನು ಕೂತಲ್ಲೇ ಎರಡು ನಿಮಿಷದಲ್ಲಿ ನೋಡಿಬಿಡಬಹುದು. ಅದನ್ನು ಬಿಟ್ಟು ನೇರವಾಗಿ ರೌಟರ್ ಕಿತ್ತು ಹಾಕುವವರೇ ಜಾಸ್ತಿ.

ಕಟ್ಟಿನ ಲೆಕ್ಕ

ನಿಯಮದ ದೋಷ ಹಿಡಿಯಲು ಕಟ್ಟಿನಲ್ಲಿ ಏನೇನಿದೆ ಎಂದು ಗೊತ್ತಿರಬೇಕು. 1971ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ರೀಡಿಂಗ್ ಎಂಬ ಊರಿನ ಕ್ಷೌರಿಕ ಮರ್ಲ್ ರಾಬಿನ್ಸ್ ಈ ಆಟ ರೂಪಿಸಿದರು. 1992ರಿಂದ ಇದು ಮ್ಯಾಟೆಲ್ ಕಂಪನಿಯ ಕೈಯಲ್ಲಿದೆ. ಹಳೆಯ ಕಟ್ಟಿನಲ್ಲಿ 108 ಕಾರ್ಡ್. ಕೆಂಪು, ಹಳದಿ, ಹಸಿರು, ನೀಲಿ ಈ ನಾಲ್ಕು ಬಣ್ಣಕ್ಕೂ ಸೊನ್ನೆ ಒಂದೊಂದು, 1ರಿಂದ 9ರವರೆಗೆ ಎರಡೆರಡು, ಒಟ್ಟು 76 ಸಂಖ್ಯೆಯ ಕಾರ್ಡ್. ಮುಂದಿನವರ ಸರದಿ ತಪ್ಪಿಸುವ ಸ್ಕಿಪ್, ಆಟದ ದಿಕ್ಕು ತಿರುಗಿಸುವ ರಿವರ್ಸ್, ಮುಂದಿನವರಿಗೆ ಎರಡು ಕಾರ್ಡ್ ಹೊರಿಸುವ ಪ್ಲಸ್ ಟೂ ತಲಾ ಎಂಟು. ಹಾಕಿದವರು ಬೇಕಾದ ಬಣ್ಣ ಕೇಳಬಹುದಾದ ವೈಲ್ಡ್ ನಾಲ್ಕು, ಅದರ ಜೊತೆಗೆ ಮುಂದಿನವರಿಗೆ ನಾಲ್ಕು ಕಾರ್ಡ್ ಹೊರಿಸುವ ಪ್ಲಸ್ ಫೋರ್ ನಾಲ್ಕು. ಈಚಿನ ಕಟ್ಟುಗಳಲ್ಲಿ 112 ಇರುತ್ತವೆ. ಎಲ್ಲರ ಕೈಯ ಕಾರ್ಡನ್ನೂ ಒಟ್ಟುಗೂಡಿಸಿ ಮತ್ತೆ ಹಂಚುವ ಒಂದು ವೈಲ್ಡ್ ಕಾರ್ಡ್ ಕೂಡ ಅದರಲ್ಲಿ ಸೇರಿದೆ.

ಶುರುವಿನಲ್ಲಿ ಪ್ರತಿಯೊಬ್ಬರಿಗೂ ಏಳು ಕಾರ್ಡ್. ಮೇಲಿರುವ ಕಾರ್ಡಿಗೆ ಬಣ್ಣವಾದರೂ ಹೊಂದಬೇಕು, ಸಂಖ್ಯೆ ಅಥವಾ ಚಿಹ್ನೆಯಾದರೂ ಹೊಂದಬೇಕು. ಹೊಂದದಿದ್ದರೆ ಒಂದು ಕಾರ್ಡ್ ಎತ್ತಬೇಕು.

"ಕಾರ್ಡ್ ಒತ್ತಿದರೂ ಇಳಿಯುತ್ತಿಲ್ಲ"

ಒತ್ತಿದಾಗ ಕಾರ್ಡ್ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಮೂರು ಬಗೆ ಇವೆ.

ಒಂದು, ಕಾರ್ಡ್ ಮಂಕಾಗಿದೆ, ಅಥವಾ ಒತ್ತಿದರೆ ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ. ಇದು ನಿಯಮ. ಹಾಕಲು ಬರುವ ಕಾರ್ಡನ್ನು ಸಾಮಾನ್ಯವಾಗಿ ಆಟವೇ ಬೆಳಗಿಸಿ ತೋರಿಸುತ್ತದೆ, ಉಳಿದದ್ದನ್ನು ಮಂಕು ಮಾಡುತ್ತದೆ. ಇಲ್ಲಿ ಹೆಚ್ಚು ಜನ ಎಡವುವುದು ವೈಲ್ಡ್ ಬಿದ್ದ ಮೇಲೆ. ಯಾರೋ ವೈಲ್ಡ್ ಹಾಕಿ ನೀಲಿ ಕೇಳಿದ್ದರೆ ಈಗ ನಡೆಯುವುದು ನೀಲಿ ಮಾತ್ರ, ಇಲ್ಲವೇ ಇನ್ನೊಂದು ವೈಲ್ಡ್. ವೈಲ್ಡಿನ ಕೆಳಗಿರುವ ಹಳೆಯ ಕಾರ್ಡಿನ ಸಂಖ್ಯೆ ಲೆಕ್ಕಕ್ಕಿಲ್ಲ. ಕೇಳಿದ ಬಣ್ಣವನ್ನು ಪರದೆಯ ಮೂಲೆಯಲ್ಲೋ ಕಾರ್ಡಿನ ಸುತ್ತಲಿನ ಅಂಚಿನಲ್ಲೋ ಸಣ್ಣದಾಗಿ ತೋರಿಸಿರುತ್ತಾರೆ, ಅದನ್ನು ಹುಡುಕಿ.

ಕಾರ್ಡ್ ಎತ್ತಿದ ಮೇಲೂ ಇದೇ ಗೊಂದಲ. ಎತ್ತಿದ ಕಾರ್ಡ್ ಹೊಂದಿದರೆ ಅದನ್ನೇ ಹಾಕಬಹುದು. ಆದರೆ ಎತ್ತಿದ ಮೇಲೆ ಕೈಯಲ್ಲಿ ಮೊದಲೇ ಇದ್ದ ಬೇರೆ ಕಾರ್ಡ್ ಹಾಕಲು ಬರುವುದಿಲ್ಲ. ಮೂಲ ನಿಯಮವೇ ಹಾಗೆ. ನಮ್ಮ ಚಿಕ್ಕಮ್ಮನಿಗೆ ಮನೆಯಲ್ಲಿ ಹೊಂದುವ ಕಾರ್ಡ್ ಸಿಗುವವರೆಗೂ ಎತ್ತುತ್ತಲೇ ಹೋಗುವುದು ರೂಢಿ. ಅದೊಂದು ಮನೆ ನಿಯಮ, ಕೆಲವು ರೂಮುಗಳಲ್ಲಿ ಸೆಟ್ಟಿಂಗ್ ಆಗಿಯೂ ಇದೆ. ಅದನ್ನು ಆನ್ ಮಾಡದ ರೂಮಿನಲ್ಲಿ ಒಂದು ಎತ್ತಿ ಅದೂ ಹೊಂದದಿದ್ದರೆ ಸರದಿ ಮುಂದಕ್ಕೆ ಹೋಗುತ್ತದೆ.

ಎರಡು, ಕಾರ್ಡ್ ಮೇಜಿನವರೆಗೆ ಹಾರಿ ಮತ್ತೆ ಕೈಗೆ ವಾಪಸ್ ಬರುತ್ತದೆ. ಇದು ನೆಟ್‌ವರ್ಕಿನ ಗುರುತು. ನೀವು ಒತ್ತಿದ್ದು ಸರ್ವರಿಗೆ, ಅಂದರೆ ಆಟ ನಡೆಸುವವರ ಕಂಪ್ಯೂಟರಿಗೆ ಹೋಗಬೇಕು, ಅದು ಒಪ್ಪಿ ಎಲ್ಲರ ಫೋನಿಗೂ ತಿಳಿಸಬೇಕು. ಆಟದ ನಿಜವಾದ ಮೇಜು ಇರುವುದು ಸರ್ವರಿನಲ್ಲಿ. ನಿಮ್ಮ ಫೋನು ಕಾರ್ಡನ್ನು ಹಾರಿಸಿ ತೋರಿಸಿದ್ದರೂ, ಒಪ್ಪಿಗೆ ಬರುವುದು ತಡವಾದರೆ ಅಥವಾ ಅಷ್ಟರಲ್ಲಿ ಸಮಯ ಮುಗಿದಿದ್ದರೆ ಕಾರ್ಡ್ ಹಿಂದಕ್ಕೆ ಬರುತ್ತದೆ.

ಮೂರು, ಒತ್ತಿದರೆ ಏನೂ ಆಗುವುದಿಲ್ಲ, ಅಥವಾ ಪಕ್ಕದ ಕಾರ್ಡ್ ಇಳಿದುಬಿಡುತ್ತದೆ. ಇದು ಪರದೆ. ಕೈಯಲ್ಲಿ ಹದಿನೈದು ಕಾರ್ಡ್ ಸೇರಿದಾಗ ಒಂದೊಂದಕ್ಕೂ ಸಿಗುವ ಜಾಗ ಕಿರುಬೆರಳಿನಷ್ಟೂ ಇರುವುದಿಲ್ಲ. ತುದಿಯ ಕಾರ್ಡ್ ಮಾತ್ರ ಕೆಲಸ ಮಾಡುತ್ತಿಲ್ಲವೆಂದರೆ ಫೋನಿನ ಗೆಸ್ಚರ್ ಸೆಟ್ಟಿಂಗ್ ನೋಡಿ. ಅಂಚಿನಿಂದ ಬೆರಳು ಎಳೆದರೆ ಹಿಂದಕ್ಕೆ ಹೋಗುವ ಏರ್ಪಾಡು ಇದ್ದರೆ ಆ ಎಳೆತವನ್ನು ಆಟಕ್ಕಿಂತ ಮೊದಲು ಫೋನೇ ಕಸಿದುಕೊಳ್ಳುತ್ತದೆ. ಆಡುವಷ್ಟು ಹೊತ್ತು ಮೂರು ಬಟನ್ ಇರುವ ನ್ಯಾವಿಗೇಷನ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಅನುಮಾನ ಉಳಿದರೆ ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಸ್ಪರ್ಶವನ್ನು ಚುಕ್ಕಿಯಾಗಿ ತೋರಿಸುವ ಒಂದು ಸೌಲಭ್ಯವಿದೆ, ಅದನ್ನು ಆನ್ ಮಾಡಿ ಪರದೆಯ ತುಂಬ ಬೆರಳಾಡಿಸಿ. ಚುಕ್ಕಿ ಎಲ್ಲಿ ಕಾಣೆಯಾಗುತ್ತದೋ ಅಲ್ಲಿ ಪರದೆಯ ಮೇಲೆ ಅಂಟಿಸಿದ ಗ್ಲಾಸ್ ಏಳುತ್ತಿದೆ, ಇಲ್ಲವೇ ಪರದೆಯೇ ಹೋಗಿದೆ.

"ಪ್ಲಸ್ ಫೋರ್ ಹಾಕಿದ್ದು ನಾನು, ನಾಲ್ಕು ಬಂದದ್ದೂ ನನಗೇ"

ಇದು ನಮ್ಮ ಭಾವನ ದೂರು. ಅವರು ಫೋನ್ ಮಾಡಿ, "ನೋಡಮ್ಮ, ಈ ಆಟವೇ ಸರಿಯಿಲ್ಲ. ಪ್ಲಸ್ ಫೋರ್ ಹಾಕಿದೆ, ಮುಂದಿನವರಿಗೆ ಹೋಗೋದು ಬಿಟ್ಟು ನನ್ನ ಕೈಗೇ ನಾಲ್ಕು ಬಂತು" ಎಂದರು. ನಾನು ಕೇಳಿದ್ದು ಒಂದೇ: "ಭಾವ, ಆಗ ಮೇಲಿದ್ದದ್ದು ಹಸಿರು ತಾನೆ? ನಿಮ್ಮ ಕೈಯಲ್ಲಿ ಹಸಿರು ಇತ್ತಾ?" ಅವರ ಹತ್ತಿರ ಎರಡು ಹಸಿರು ಇದ್ದವು.

ಮೂಲ ನಿಯಮದಲ್ಲಿ ಪ್ಲಸ್ ಫೋರ್ ಯಾವಾಗ ಬೇಕಾದರೂ ಹಾಕುವ ಕಾರ್ಡಲ್ಲ. ಆಗ ನಡೆಯುತ್ತಿರುವ ಬಣ್ಣದ ಒಂದು ಕಾರ್ಡೂ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಹಾಕಬೇಕು. ಸಂಖ್ಯೆ ಹೊಂದುವ ಬೇರೆ ಬಣ್ಣದ ಕಾರ್ಡ್ ಇದ್ದರೆ ಅಡ್ಡಿಯಿಲ್ಲ, ನೋಡಬೇಕಾದ್ದು ಬಣ್ಣವನ್ನಷ್ಟೇ. ಬಣ್ಣ ಇದ್ದೂ ಹಾಕಿದರೆ ಆಟ ತಡೆಯುವುದಿಲ್ಲ. ಆದರೆ ಮುಂದಿನವರಿಗೆ ಚಾಲೆಂಜ್ ಮಾಡುವ ಬಟನ್ ಬರುತ್ತದೆ. ಅವರು ಒತ್ತಿದಾಗ ಹಾಕಿದವರ ಕೈಯನ್ನು ಪರೀಕ್ಷಿಸಲಾಗುತ್ತದೆ. ಬಣ್ಣ ಸಿಕ್ಕಿಬಿದ್ದರೆ ಹಾಕಿದವರೇ ನಾಲ್ಕು ಎತ್ತಬೇಕು. ಸಿಗದಿದ್ದರೆ ಚಾಲೆಂಜ್ ಮಾಡಿದವರಿಗೆ ನಾಲ್ಕರ ಜೊತೆಗೆ ಇನ್ನೆರಡು ಸೇರಿ ಆರು, ಸರದಿಯೂ ಹೋಯಿತು. "ನಾಲ್ಕು ಬರಬೇಕಿತ್ತು, ಆರು ಬಂತು" ಎಂಬ ದೂರಿನ ಮೂಲವೂ ಇಲ್ಲೇ ಇದೆ. ಭಾವನಿಗೆ ಇಷ್ಟನ್ನು ಹೇಳಿದ ಮೇಲೆ ಆ ದೂರು ಮತ್ತೆ ಬರಲಿಲ್ಲ. ಈಗ ಚಾಲೆಂಜ್ ಮಾಡುವುದರಲ್ಲಿ ಅವರೇ ಮುಂದು.

ಇದರ ಪಕ್ಕದ ದೂರು: "ಪ್ಲಸ್ ಟೂ ಮೇಲೆ ಪ್ಲಸ್ ಟೂ ಹಾಕಲು ಬಿಡುತ್ತಿಲ್ಲ." ಮನೆಮನೆಯಲ್ಲೂ ಜನ ಆಡುವುದು ಹೀಗೇ. ಎರಡರ ಮೇಲೆ ಎರಡು, ಅದರ ಮೇಲೆ ಇನ್ನೆರಡು, ಕೊನೆಯವರ ತಲೆಗೆ ಒಟ್ಟು ಹೊರೆ. ಆದರೆ ಹೀಗೆ ಪೇರಿಸಲು ಮೂಲ ನಿಯಮದಲ್ಲಿ ಅವಕಾಶವಿಲ್ಲ. 2019ರಲ್ಲಿ ಉನೋದ ಅಧಿಕೃತ ಟ್ವಿಟರ್ ಖಾತೆಯೇ ಇದನ್ನು ಹೇಳಿದಾಗ ಜಗತ್ತಿನಾದ್ಯಂತ ಆಡುವವರು ರೇಗಿದರು. ಪೇರಿಸುವುದನ್ನು ಒಪ್ಪುವ ರೂಮುಗಳೂ ಆನ್‌ಲೈನ್‌ನಲ್ಲಿವೆ. ರೂಮ್ ತೆರೆಯುವವರು ಆ ಸೆಟ್ಟಿಂಗ್ ಹಾಕಿರಬೇಕು. ನನ್ನ ಮಟ್ಟಿಗೆ, ಐದಾರು ಜನ ಆಡುವ ರೂಮಿನಲ್ಲಿ ಪೇರಿಸುವುದನ್ನು ಆಫ್ ಇಡುವುದೇ ಒಳ್ಳೆಯದು. ಒಬ್ಬರ ಕೈಗೆ ಒಂದೇ ಸಲ ಹತ್ತು ಕಾರ್ಡ್ ಬಿದ್ದರೆ ಆ ಆಟ ಅರ್ಧ ಗಂಟೆ ಎಳೆಯುತ್ತದೆ, ಮಕ್ಕಳು ನಿದ್ದೆಗೆ ಜಾರುತ್ತಾರೆ.

"ನನ್ನ ಸರದಿ ಹಾರಿತು", "ನನ್ನ ಕೈಯೇ ಬದಲಾಯಿತು"

ಇಬ್ಬರೇ ಆಡುತ್ತಿದ್ದರೆ ರಿವರ್ಸ್ ಕಾರ್ಡ್ ಸ್ಕಿಪ್‌ನಂತೆಯೇ ನಡೆಯುತ್ತದೆ, ಹಾಕಿದವರಿಗೇ ಮತ್ತೆ ಸರದಿ. ಪ್ಲಸ್ ಟೂ ಬಿದ್ದವರು ಎರಡು ಎತ್ತುವುದಷ್ಟೇ ಅಲ್ಲದೆ ಸರದಿಯನ್ನೂ ಕಳೆದುಕೊಳ್ಳುತ್ತಾರೆ. ಇವೆರಡೂ ಅಲ್ಲವೆಂದರೆ ಸಮಯ ಮುಗಿದಿರಬೇಕು. ಹೆಸರಿನ ಸುತ್ತ ತಿರುಗುವ ಗೆರೆ ಪೂರ್ತಿಯಾದರೆ ಆಟವೇ ನಿಮ್ಮ ಪರವಾಗಿ ಕಾರ್ಡ್ ಎತ್ತಿ ಮುಂದಕ್ಕೆ ಹೋಗುತ್ತದೆ.

ಕೈಯ ಕಾರ್ಡ್‌ಗಳೇ ಬದಲಾದರೆ ಫೋನ್ ಕೆಟ್ಟಿತೆಂದು ಹೆದರಬೇಡಿ. ಕೆಲವು ರೂಮುಗಳಲ್ಲಿ 7 ಹಾಕಿದವರು ಇನ್ನೊಬ್ಬರ ಜೊತೆ ಕೈ ಬದಲಾಯಿಸುತ್ತಾರೆ, 0 ಬಿದ್ದರೆ ಎಲ್ಲರ ಕೈಯೂ ಪಕ್ಕದವರಿಗೆ ಹೋಗುತ್ತದೆ. ಹಾಗೆಯೇ, ಮೇಲಿರುವ ಕಾರ್ಡಿನ ತದ್ರೂಪು ಕೈಯಲ್ಲಿದ್ದರೆ ಸರದಿ ಕಾಯದೆ ನಡುವೆ ನುಗ್ಗಿ ಹಾಕಬಹುದಾದ ನಿಯಮವೂ ಕೆಲವೆಡೆ ಇದೆ. ಯಾರೋ ನುಗ್ಗಿದಾಗ ಸರದಿ ಅವರಿಂದ ಮುಂದಕ್ಕೆ ಸಾಗುವುದರಿಂದ ನಡುವಿನವರು ತಪ್ಪಿಹೋಗುತ್ತಾರೆ. ರೂಮಿನ ನಿಯಮಗಳ ಪುಟ ತೆರೆದು ನೋಡಿದರೆ ಇವೆಲ್ಲ ಗೊತ್ತಾಗುತ್ತವೆ.

"ಉನೋ ಒತ್ತಿದೆ, ಆದರೂ ದಂಡ ಬಿತ್ತು"

ಎರಡು ಕಾರ್ಡ್ ಇದ್ದು ಒಂದನ್ನು ಹಾಕುವಾಗ ಉನೋ ಎನ್ನಬೇಕು. ಮುಂದಿನವರು ಆಡಲು ಶುರು ಮಾಡುವ ಮೊದಲು ಯಾರಾದರೂ ಹಿಡಿದರೆ ಎರಡು ಕಾರ್ಡ್ ದಂಡ. ಇಡೀ ಆಟದಲ್ಲಿ ಅರೆ ಸೆಕೆಂಡಿನ ತಡಕ್ಕೂ ಬೆಲೆ ಇರುವುದು ಹೆಚ್ಚಾಗಿ ಇಲ್ಲಿ. ಕಾರ್ಡ್ ಹಾಕುವ ಮೊದಲೇ ಉನೋ ಬಟನ್ ಕಾಣಿಸಿಕೊಳ್ಳುವ ಆಟವಾದರೆ ಮೊದಲು ಅದನ್ನು ಒತ್ತಿ, ಆಮೇಲೆ ಕಾರ್ಡ್ ಹಾಕಿ. ಆದರೂ ಮತ್ತೆ ಮತ್ತೆ ದಂಡ ಬೀಳುತ್ತಿದ್ದರೆ ನೆಟ್‌ವರ್ಕ್ ತಡವಾಗುತ್ತಿದೆ.

ಆಟದ ನಡುವೆ ಹೊರಬಿದ್ದರೆ

ಈಗ ನೆಟ್‌ವರ್ಕಿನ ಸರದಿ. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು: ಈ ಆಟಕ್ಕೆ ವೇಗದ ಇಂಟರ್ನೆಟ್ ಬೇಕಿಲ್ಲ. ಒಂದು ಕಾರ್ಡ್ ಹಾಕಿದರೆ ಹೋಗುವ ಮಾಹಿತಿ ಒಂದು ಮೆಸೇಜಿನಷ್ಟು. ಬೇಕಾದದ್ದು ಕಡಿಯದ ಸಂಪರ್ಕ. ಸ್ಪೀಡ್ ಟೆಸ್ಟ್ ಮಾಡಿದಾಗ ದೊಡ್ಡದಾಗಿ ತೋರಿಸುವ ಡೌನ್‌ಲೋಡ್ ಸಂಖ್ಯೆ ಬಿಟ್ಟು ಪಿಂಗ್ (ಮಾಹಿತಿ ಹೋಗಿಬರಲು ಹಿಡಿಯುವ ಸಮಯ) ನೋಡಿ. 100 ಮಿಲಿಸೆಕೆಂಡಿನೊಳಗೆ ನಿಂತಿದ್ದರೆ ಏನೂ ತೊಂದರೆಯಿಲ್ಲ. ಒಮ್ಮೆ 60, ಒಮ್ಮೆ 700 ಎಂದು ಕುಣಿಯುತ್ತಿದ್ದರೆ ಕಾರ್ಡ್ ವಾಪಸ್ ಬರುವುದಕ್ಕೆ ಕಾರಣ ಅದೇ.

ನಮ್ಮ ಕಡೆ ಹೊರಬೀಳುವುದಕ್ಕೆ ಕಾರಣ ಹೆಚ್ಚಾಗಿ ಎರಡು. ಮೊದಲನೆಯದು ಕರೆಂಟು. ಬೆಸ್ಕಾಂ ಲೈನ್ ಹೋದ ಕ್ಷಣ ರೌಟರ್ ಆರುತ್ತದೆ, ಫೋನು ತಾನಾಗಿ ಮೊಬೈಲ್ ಡೇಟಾಗೆ ಹೊರಳುತ್ತದೆ. ಆಗ ಇಂಟರ್ನೆಟ್ಟಿನಲ್ಲಿ ಫೋನನ್ನು ಗುರುತಿಸುವ ಐಪಿ ವಿಳಾಸ ಬದಲಾಗುವುದರಿಂದ ಸರ್ವರಿನ ಜೊತೆಗಿದ್ದ ಹಳೆಯ ಸಂಪರ್ಕ ಕಡಿಯುತ್ತದೆ. ಮತ್ತೆ ಸೇರುವಷ್ಟರಲ್ಲಿ ನಿಮ್ಮ ಜಾಗದಲ್ಲಿ ಬಾಟ್ (ಆಟದವರ ಕಂಪ್ಯೂಟರ್ ಆಟಗಾರ) ಆಡುತ್ತಿರುತ್ತದೆ. ಕರೆಂಟು ಬಂದಾಗ ಫೋನು ವೈಫೈಗೆ ಮರಳಿ ಇನ್ನೊಮ್ಮೆ ಕಡಿಯುತ್ತದೆ. ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿದರೆ ಇದು ನಿಲ್ಲುತ್ತದೆ. ಅದು ಬೇಡವೆಂದರೆ ಕರೆಂಟು ಹೋಗಿಬರುವ ದಿನಗಳಲ್ಲಿ ಶುರುವಿನಿಂದಲೇ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಆಡಿ.

ಎರಡನೆಯದು ಫೋನ್ ಕರೆ. ಅನೇಕ ಎರಡು ಸಿಮ್‌ನ ಫೋನುಗಳಲ್ಲಿ, ಡೇಟಾ ಒಂದು ಸಿಮ್‌ನಲ್ಲಿದ್ದು ಕರೆ ಇನ್ನೊಂದಕ್ಕೆ ಬಂದು ನೀವು ಎತ್ತಿದರೆ, ಮಾತಾಡುವಷ್ಟು ಹೊತ್ತು ಡೇಟಾ ನಿಲ್ಲುತ್ತದೆ. ಪತ್ತೆ ಸುಲಭ: ಕರೆಯಲ್ಲಿರುವಾಗ ಯಾವುದಾದರೂ ವೆಬ್ ಪುಟ ತೆರೆದು ನೋಡಿ, ತೆರೆಯದಿದ್ದರೆ ಇದೇ ಕಾಯಿಲೆ. ಆಡುವಾಗ ಡೇಟಾ ಸಿಮ್ಮನ್ನೇ ಕರೆಗೂ ಇಟ್ಟುಕೊಂಡು ವೋಲ್ಟ್ (VoLTE, 4ಜಿ ಜಾಲದಲ್ಲೇ ಕರೆ ನಡೆಸುವ ಸೌಲಭ್ಯ) ಆನ್ ಮಾಡಿ, ಅಥವಾ ವೈಫೈ ಹಿಡಿಯಿರಿ. ವೋಲ್ಟ್ ಆಫ್ ಇದ್ದರೆ ಕರೆ ಬಂದಾಗ ಫೋನು 4ಜಿಯಿಂದ ಹಳೆಯ ಜಾಲಕ್ಕೆ ಇಳಿಯುತ್ತದೆ, ಆಗಲೂ ಆಟ ಕಡಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾತಾಡುತ್ತಾ ಆಡುವವರು ವಿಡಿಯೋ ಬಿಟ್ಟು ಆಡಿಯೋ ಕರೆ ಇಟ್ಟುಕೊಳ್ಳಲಿ. ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ವಿಡಿಯೋ ಕರೆ ಮತ್ತು ಆಟ ಎರಡೂ ಕೂರುವುದಿಲ್ಲ, ಹಿಂದೆ ಸರಿದ ಆ್ಯಪನ್ನು ಫೋನೇ ಮುಚ್ಚುತ್ತದೆ.

ಕಲ್ಲು ಚಪ್ಪಡಿಯ ಮನೆಯವರಿಗೆ ಇನ್ನೊಂದು ಮಾತು. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಗೋಡೆಯೂ ಕಲ್ಲು, ಸೂರೂ ಕಲ್ಲು. ರೌಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಒಂದು ಗೋಡೆ ದಾಟುವಷ್ಟರಲ್ಲೇ ಸೊರಗುತ್ತದೆ. 2.4 ಗಿಗಾಹರ್ಟ್ಸ್ ವೇಗ ಕಡಿಮೆಯಾದರೂ ಗೋಡೆಯಾಚೆಗೂ ಬರುತ್ತದೆ. ಉನೋಗೆ ಅದೇ ಸಾಕು, ಅದನ್ನೇ ಹಿಡಿಯಿರಿ.

ಬಣ್ಣವೇ ತಪ್ಪಿ ಕಾಣುತ್ತಿದ್ದರೆ

ರಾತ್ರಿ ಹೊತ್ತು ಮಾತ್ರ ನೀಲಿ-ಹಸಿರು ಒಂದೇ ಥರ ಕಾಣುತ್ತದೆಯೆಂದರೆ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ನೈಟ್ ಮೋಡ್ ಆನ್ ಆಗಿರುತ್ತದೆ. ಆಫ್ ಮಾಡಿದರೆ ಮುಗಿಯಿತು.

ಹಗಲಲ್ಲೂ ಒಬ್ಬರೇ ಮತ್ತೆ ಮತ್ತೆ ಕೆಂಪಿಗೆ ಹಸಿರು ಹಾಕಲು ಹೋಗುತ್ತಿದ್ದರೆ ಫೋನಿನ ಮೇಲೆ ಅನುಮಾನ ಪಡುವುದನ್ನು ಬಿಟ್ಟು ಅವರ ಕಣ್ಣಿನ ಬಗ್ಗೆ ಯೋಚಿಸಿ. ನಮ್ಮ ಅಕ್ಕನ ಮಗ ಹೀಗೇ ಮಾಡುತ್ತಿದ್ದ, ಎಲ್ಲರೂ ಗಮನವಿಲ್ಲ ಎಂದು ಗದರುತ್ತಿದ್ದರು. ತೋಟದಲ್ಲಿ ಟೊಮೆಟೊ ಆರಿಸಿ ಕ್ರೇಟಿಗೆ ತುಂಬುವ ದಿನ ಅವನನ್ನು ಹತ್ತಿರದಿಂದ ನೋಡಿದೆ. ಮಂಡಿಗೆ ಹೋಗುವ ಕ್ರೇಟಿನಲ್ಲಿ ಕೆಂಪು ಹಣ್ಣಿನ ನಡುವೆ ಹಸಿರು ಕಾಯಿಯನ್ನೂ ಹಾಕುತ್ತಿದ್ದ. ಹಾಕುವ ಮೊದಲು ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಅಮುಕಿ ನೋಡುತ್ತಿದ್ದ. ಬಣ್ಣ ತಿಳಿಯದೆ ಮೆತ್ತಗಿದೆಯೋ ಗಟ್ಟಿಯಿದೆಯೋ ಎಂಬುದರ ಮೇಲೆ ಬೇರ್ಪಡಿಸುತ್ತಿದ್ದ ಅಷ್ಟೆ. ಕಣ್ಣಿನ ಡಾಕ್ಟರು ಕೆಂಪು-ಹಸಿರು ಬಣ್ಣಗುರುಡು ಎಂದರು. ಇದಕ್ಕೆ ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು ಕಾಣುತ್ತದೆ. ಆ ಮಗುವನ್ನು ಬೈದು ಪ್ರಯೋಜನವಿಲ್ಲ.

ಪರಿಹಾರ ಇದೆ. ಆಟದ ಸೆಟ್ಟಿಂಗ್‌ನಲ್ಲಿ ಬಣ್ಣಗುರುಡಿಗೆಂದು ಆಯ್ಕೆ ಇದ್ದರೆ ಆನ್ ಮಾಡಿ, ಬಣ್ಣದ ಜೊತೆಗೆ ಗುರುತೂ ಬರುತ್ತದೆ. ಇಲ್ಲದಿದ್ದರೆ ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಬಣ್ಣ ತಿದ್ದುವ ಸೆಟ್ಟಿಂಗ್ ಇದೆ, ಅಲ್ಲಿನ ಬಗೆಗಳನ್ನು ಒಂದೊಂದಾಗಿ ಹಾಕಿ ಯಾವುದರಲ್ಲಿ ವ್ಯತ್ಯಾಸ ತಿಳಿಯುತ್ತದೆ ಎಂದು ಆಡುವವರನ್ನೇ ಕೇಳಿ. ಕಾಗದದ ಕಟ್ಟೇ ಬೇಕೆಂದರೆ, ಪ್ರತಿ ಬಣ್ಣಕ್ಕೂ ಒಂದು ಚಿಹ್ನೆಯಿರುವ ಕಲರ್‌ಆ್ಯಡ್ ಉನೋವನ್ನು ಮ್ಯಾಟೆಲ್ 2017ರಲ್ಲೇ ತಂದಿದೆ.

ರೂಮ್ ಕೋಡ್ ತೆರೆಯದಿದ್ದರೆ

ಎಲ್ಲರ ಹತ್ತಿರವೂ ಒಂದೇ ಆ್ಯಪ್ ಇದೆಯೇ, ಒಂದೇ ಆವೃತ್ತಿಯೇ ನೋಡಿ. ಒಂದೇ ಬಗೆಯ ಆಟ ಬೇರೆ ಬೇರೆ ಆ್ಯಪ್‌ಗಳಲ್ಲಿದೆ, ಒಂದರ ಕೋಡ್ ಇನ್ನೊಂದರಲ್ಲಿ ನಡೆಯುವುದಿಲ್ಲ. ರೂಮ್ ತೆರೆದವರು ಹೊರಹೋದರೆ ಸಾಮಾನ್ಯವಾಗಿ ಕೋಡ್ ಸತ್ತಂತೆ. ಲಾಗಿನ್ನೇ ಆಗದಿದ್ದರೆ ಫೋನಿನ ತಾರೀಖು, ಗಂಟೆ ಸರಿಯಿದೆಯೇ ನೋಡಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕ ಸಿಗುವುದಿಲ್ಲ.

"ಬಾಟ್‌ಗೇ ಯಾವಾಗಲೂ ಪ್ಲಸ್ ಫೋರ್"

ಈ ಅನುಮಾನವನ್ನು ಲೆಕ್ಕದಿಂದ ಪರೀಕ್ಷಿಸಬಹುದು. 108ರ ಕಟ್ಟಿನಿಂದ ಏಳು ಕಾರ್ಡ್ ಹಂಚಿದಾಗ ಒಂದು ಕೈಯಲ್ಲಿ ಕನಿಷ್ಠ ಒಂದು ಪ್ಲಸ್ ಫೋರ್ ಇರುವ ಸಾಧ್ಯತೆ ಸುಮಾರು 24%. ನಾಲ್ವರು ಕೂತರೆ 28 ಕಾರ್ಡ್ ಹೊರಗೆ ಬಂದಿರುತ್ತವೆ, ಅವುಗಳಲ್ಲಿ ಒಂದಾದರೂ ಪ್ಲಸ್ ಫೋರ್ ಇರುವ ಸಾಧ್ಯತೆ ಸುಮಾರು 70%. ನೀವೊಬ್ಬರು, ಎದುರಿಗೆ ಮೂವರು. ಎದುರಿನ ಮೂವರಲ್ಲಿ ಯಾರಾದರೊಬ್ಬರ ಹತ್ತಿರ ಅದು ಇರುವುದು ನಿಮ್ಮ ಹತ್ತಿರ ಇರುವುದಕ್ಕಿಂತ ಸಹಜವಾಗಿಯೇ ಹೆಚ್ಚು. ಒಂದು ಸಂಜೆಯ ಆಟ ನೋಡಿ ಮೋಸವೆಂದು ತೀರ್ಮಾನಿಸಲು ಬರುವುದಿಲ್ಲ.

ಹಣ ಕೇಳಿದರೆ

ಇದು ದುರಸ್ತಿಯ ವಿಷಯವಲ್ಲ, ಕೂಡಲೇ ತೆಗೆದುಹಾಕುವ ವಿಷಯ. ಉನೋ ಎಂದು ಹೇಳಿ ಲಿಂಕಿನಿಂದ ಎಪಿಕೆ (ಆ್ಯಪ್‌ನ ಫೈಲು) ಇಳಿಸಲು ಹೇಳಿದರೆ, ಗೆದ್ದ ಹಣ ಪಡೆಯಲು ಯುಪಿಐ ಪಿನ್ ಹಾಕಿ ಎಂದರೆ ಅದು ವಂಚನೆ. ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅನ್‌ಇನ್‌ಸ್ಟಾಲ್ ಮಾಡುವ ಮೊದಲು

ಏನೂ ಆಗದಿದ್ದರೆ ಆ್ಯಪ್‌ನ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಫೈಲುಗಳು) ಮಾತ್ರ ಅಳಿಸಿ ನೋಡಿ. ಅದರ ಪಕ್ಕದಲ್ಲೇ ಇರುವ ಡೇಟಾ ಅಳಿಸುವ ಬಟನ್ ಬೇರೆ, ಅದು ಲಾಗಿನ್ ಸಮೇತ ಎಲ್ಲವನ್ನೂ ಒರೆಸುತ್ತದೆ. ಅತಿಥಿ ಖಾತೆಯಲ್ಲಿ ಆಡುತ್ತಿದ್ದರೆ ಆ್ಯಪ್ ತೆಗೆಯುವ ಮೊದಲು ಇಮೇಲ್ ಅಥವಾ ಬೇರೆ ಖಾತೆಗೆ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಗಳಿಸಿದ್ದೆಲ್ಲ ಮತ್ತೆ ಸಿಗದೇ ಹೋಗಬಹುದು.

ಆಟದವರಿಗೇ ದೂರು ಕೊಡಬೇಕಾಗಿ ಬಂದರೆ "ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಬರುತ್ತದೆ. ಫೋನಿನ ಮಾಡೆಲ್, ಆ್ಯಪ್‌ನ ಆವೃತ್ತಿ, ನಿಮ್ಮ ಆಟದ ಐಡಿ, ರೂಮ್ ಕೋಡ್, ತೊಂದರೆಯಾದ ಗಂಟೆ-ನಿಮಿಷ, ಆಗ ವೈಫೈ ಇತ್ತೋ ಮೊಬೈಲ್ ಡೇಟಾ ಇತ್ತೋ, ಮೇಲೆ ಯಾವ ಕಾರ್ಡ್ ಇತ್ತು, ನೀವು ಯಾವುದನ್ನು ಹಾಕಿದಿರಿ, ಕಾರ್ಡ್ ಮಂಕಾಗಿತ್ತೋ ಹಾರಿ ವಾಪಸ್ ಬಂತೋ ಇಷ್ಟನ್ನೂ ಬರೆದು, ಪರದೆಯ ರೆಕಾರ್ಡಿಂಗ್ ಇದ್ದರೆ ಅದನ್ನೂ ಸೇರಿಸಿ ಕಳಿಸಿ.